ಕಡ್ಡಿ ಉಂಡಿಯ ಕಾಕೂ

ಆಕೆ ನಮ್ಮ ಓಣಿಗೆ ಬಂದ ದಿನವೇ ನನಗೆ ಆಕೆಯ ಮೇಲೆ ಸಂಶಯ ಬಂದಿತ್ತು. ಐವತ್ತು ದಾಟಿದ ಒಂಟಿ ಹೆಂಗಸು. ಟೆಂಪೋದಿಂದ ಇಳಿದ ಸಾಮಾನಿನಲ್ಲಿ ಸಂಸಾರದ್ದು ಅನ್ನುವಂಥದ್ದು ಒಂದು ಹಾಸಿಗೆ ಸುರುಳಿ, ಒಂದು ಬಟ್ಟೆಯ ಗಂಟು, ನಾಲ್ಕು ಪಾತ್ರೆ, ಅಷ್ಟೇ. ಅದರ ಹಿಂದೆ ಆಳೆತ್ತರದ ಫ್ರಿಜ್ಜು ಇಳಿಯಿತು. ಆಮೇಲೆ ಒಂದು ಓವನ್ನು, ಎರಡು ಸಿಲಿಂಡರು, ಒಂದರ ಮೇಲೊಂದು ಪೇರಿಸಿದ ಅಗಲವಾದ ತಟ್ಟೆಗಳು. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ಕೈ ನಿಲ್ಲಿಸಿ ನೋಡಿದೆ. ಒಬ್ಬಳ ಹೊಟ್ಟೆಗೆ ಇಷ್ಟು ದೊಡ್ಡ ಫ್ರಿಜ್ಜು ಯಾಕೆ? ಆಕೆ ತಲೆ ಎತ್ತಿ ನನ್ನನ್ನು ಕಂಡಳು. ಕಂಡವಳೇ ಚಾದರ ತೆಗೆದು ಓವನ್ನಿನ ಮೇಲೆ ಹೊದಿಸಿದಳು.

ಸಂಜೆ ಬಾಗಿಲಿಗೆ ಹೋಗಿ ಮಾತಾಡಿಸಿದೆ. "ಯಾವೂರ್ರಿ ನಿಮ್ದು?"

"ಅದ್ಯಾಕ ಬೇಕಿತ್ರಿ?" ಅಂದಳು.

ಸಿಟ್ಟಿನಿಂದ ಅಂದದ್ದಲ್ಲ. ನಿಜವಾಗಿಯೂ ಯಾಕೆ ಬೇಕು ಎಂದು ತಿಳಿದುಕೊಳ್ಳುವ ಧಾಟಿ. ಮುಂದೆ ಅಥಣಿಯಲ್ಲಿದ್ದ ಅಷ್ಟೂ ವರ್ಷ ಆಕೆ ಎಲ್ಲ ಪ್ರಶ್ನೆಗೂ ಕೊಟ್ಟ ಮೊದಲ ಉತ್ತರ ಅದೇ. ಊಟ ಆಯಿತೇ ಎಂದರೂ ಒಂದು ಗಳಿಗೆ ಯೋಚಿಸುತ್ತಿದ್ದಳು. ಮಾತಿನಲ್ಲಿ ಅರ್ಧ ಮರಾಠಿ ಇತ್ತು. ನಿಪ್ಪಾಣಿ ಕಡೆಯವಳು ಎಂದು ನಾವೇ ಲೆಕ್ಕ ಹಾಕಿದೆವು. ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ಕಾಕೂ ಎಂದು ಕರೆಯತೊಡಗಿದೆವು. ಅದಕ್ಕೆ ಮಾತ್ರ ಆಕೆ ಬೇಡ ಅನ್ನಲಿಲ್ಲ.

ವಾರ ಕಳೆಯುವಷ್ಟರಲ್ಲಿ ಆ ಮನೆಯ ಕಿಟಕಿಯಿಂದ ವಾಸನೆ ಬರತೊಡಗಿತು. ಬೆಲ್ಲವೂ ಅಲ್ಲ, ತುಪ್ಪವೂ ಅಲ್ಲ. ಎದೆ ತುಂಬುವಂಥ ಚಾಕೊಲೇಟಿನ ವಾಸನೆ. ಎದುರು ಮನೆಯ ಸುಶೀಲಕ್ಕ ಜಂಪರ್ ಹೊಲಿಯುವವಳು, ನಾಲ್ಕು ಜನ ಬಂದು ಹೋಗುವ ಮನೆ. ಆಕೆಯೇ ಮೊದಲು ಫೋನಿನಲ್ಲಿ ಕಾಕೂನ ಸ್ಟೇಟಸ್ ತೋರಿಸಿದಳು. ಲಿಂಬೆಹಣ್ಣಿನ ಗಾತ್ರದ ಗುಂಡಗಿನ ಕರಿ ಉಂಡೆಗಳು, ಒಂದೊಂದಕ್ಕೂ ಒಂದು ಬಿಳಿ ಕಡ್ಡಿ, ಮೇಲೆ ಬಣ್ಣದ ಸಕ್ಕರೆ ಹರಳು. ಒಳಗೆ ಮೆತ್ತನೆಯ ಕೇಕು, ಹೊರಗೆ ಹಲ್ಲಿಗೆ ಚಟ್ಟನೆ ಒಡೆಯುವ ಚಾಕೊಲೇಟು. ಅದರ ಇಂಗ್ಲಿಷ್ ಹೆಸರು ನಮ್ಮ ಓಣಿಯಲ್ಲಿ ನಿಲ್ಲಲಿಲ್ಲ. ಕಡ್ಡಿ ಉಂಡಿ ಅಂತಲೇ ಆಯಿತು. ಆರು ತಿಂಗಳಲ್ಲಿ ಅಥಣಿಯಲ್ಲಿ ಯಾರ ಮನೆಯ ಹುಟ್ಟುಹಬ್ಬವಾದರೂ ಕಾಕೂನ ಕಡ್ಡಿ ಉಂಡಿ ಇರಲೇಬೇಕು ಅನ್ನುವಂತಾಯಿತು.

ಆದರೆ ಅದನ್ನು ಮಾಡುವುದನ್ನು ಯಾರೂ ನೋಡಿರಲಿಲ್ಲ. ಹತ್ತು ಗಂಟೆಗೆ ಬಾಗಿಲು ಹಾಕಿಕೊಂಡರೆ ನಾಲ್ಕಕ್ಕೇ ತೆಗೆಯುವುದು. ನಡುವೆ ಯಾರಾದರೂ ಬಾಗಿಲು ಬಡಿದರೆ ಒಳಗೆ ಏನೋ ಎತ್ತಿಡುವ ಸದ್ದು, ನಲ್ಲಿಯ ಸದ್ದು, ಆಮೇಲೆ ನಾಲ್ಕು ಬೆರಳಷ್ಟು ತೆರೆದ ಬಾಗಿಲು. ಒಂದು ದಿನ ಹಾಗೆ ಬಾಗಿಲು ತೆಗೆದಾಗ ಆಕೆಯ ಕೈ ನೋಡಿದೆ. ಸಾಬೂನಿನಿಂದ ತೊಳೆದು, ಲಿಂಬೆಹೋಳಿನಿಂದ ಉಜ್ಜಿದ್ದರೂ, ನನ್ನೊಂದಿಗೆ ಮಾತಾಡುತ್ತಲೇ ಬೆರಳ ತುದಿಯನ್ನು ಮೂಗಿಗೆ ಹಿಡಿದು ನೋಡಿಕೊಂಡಳು. ಯಾವ ವಾಸನೆ ಹೋಗಬೇಕಾಗಿತ್ತು ಆಕೆಗೆ?

ನನಗೆ ಹೊಳೆದದ್ದು ಒಂದೇ, ತತ್ತಿ. ನಮ್ಮ ಓಣಿ ತತ್ತಿ ಮುಟ್ಟದವರ ಓಣಿ. ನಮ್ಮತ್ತೆ ಪೂಜೆ ಆಗದೆ ನೀರು ಕುಡಿದವರಲ್ಲ. ನಾನು ಮಾತ್ರ ಸರ್ಕಾರಿ ಶಾಲೆಯ ಶಿಕ್ಷಕಿ. ಮಧ್ಯಾಹ್ನದ ಊಟಕ್ಕೆ ಮಕ್ಕಳಿಗೆ ತತ್ತಿ ಹಂಚಿ, ಎರಡು ಸಲ ಕೈ ತೊಳೆದು, ಮನೆಗೆ ಬಂದು ಮತ್ತೊಮ್ಮೆ ತೊಳೆಯುವವಳು. ಹಾಗಾಗಿ ಕೈ ತೊಳೆಯುವವರ ಗುಟ್ಟು ನನಗೆ ಗೊತ್ತು ಅಂದುಕೊಂಡಿದ್ದೆ.

"ಕಾಕೂ, ಇಷ್ಟ ಮೆತ್ತಗ ಹೆಂಗ ಆಗತೈತ್ರಿ? ತತ್ತಿ ಗಿತ್ತಿ ಹಾಕ್ತೀರೇನು?" ಅಂತ ನಗುತ್ತಲೇ ಕೇಳಿದ್ದೆ.

"ಮೊಸರ ಹಾಕ್ತೀನ್ರಿ ಅಕ್ಕೋರ," ಅಂದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ.

ಅದೇ ಪ್ರಶ್ನೆ ಮೂಲೆಮನೆಯವರು ಕೇಳಿದಾಗ ವಿನೆಗರ್ ಅಂದಿದ್ದಳು. ಸುಶೀಲಕ್ಕ ಕೇಳಿದಾಗ ಕಿವುಚಿದ ಬಾಳೆಹಣ್ಣು ಅಂದಿದ್ದಳು. ನಾವು ಮೂವರೂ ಒಮ್ಮೆ ಕೂತು ಮಾತಾಡಿದಾಗ ಇದು ಬಯಲಾಗಿ, ನನ್ನ ಸಂಶಯ ಇಮ್ಮಡಿಯಾಯಿತು. ಮೂರು ತಿಂಗಳ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಬೇಕರಿಯಲ್ಲಿ ಕಡ್ಡಿ ಉಂಡಿ ಬಂತು. ಕಾಕೂ ಹೋಗಿ ಒಂದನ್ನು ಕೊಂಡು, ಅಲ್ಲೇ ನಿಂತು ಮುರಿದು ಮೂಸಿ ನೋಡಿ, ಸೀದಾ ಸುಶೀಲಕ್ಕನ ಹೊಲಿಗೆ ಯಂತ್ರದ ಮುಂದೆ ಬಂದು ನಿಂತಳು.

"ಸುಶೀಲಾ, ಇದು ನಿನ್ನ ಕಡಿಂದ ಹೋಗೈತಿ. ಬಾಳಿಹಣ್ಣ ಹಾಕ್ಯಾರ."

ಸುಶೀಲಕ್ಕ ಕಕ್ಕಾಬಿಕ್ಕಿಯಾದಳು. ಆಕೆ ತನ್ನ ತಂಗಿಗೆ ಹೇಳಿದ್ದು ನಿಜ. ತಂಗಿಯ ಗಂಡ ಆ ಬೇಕರಿಯಲ್ಲಿ ಕೆಲಸಕ್ಕಿದ್ದದ್ದೂ ನಿಜ. ಅದರಲ್ಲಿ ತಪ್ಪೇನು ಅನ್ನುವುದು ಆಕೆಗೆ ಹೊಳೆದಿರಲಿಲ್ಲ. ಯಾವ ಮಾತು ಯಾರ ಬಾಯಿಂದ ಹೋಯಿತೆಂದು ಹಿಡಿಯಲಿಕ್ಕೇ ಕಾಕೂ ಮೂವರಿಗೆ ಮೂರು ಹೇಳಿದ್ದಳು ಎಂದು ನಮಗೆ ಆಗ ತಿಳಿಯಿತು. ಇಂಥ ಹೆಂಗಸಿನ ಅಡುಗೆಮನೆಯಲ್ಲಿ ಏನೂ ಇಲ್ಲವೆಂದರೆ ಯಾರು ನಂಬುತ್ತಾರೆ?

ಆಕೆಯೂ ಯಾರನ್ನೂ ನಂಬುತ್ತಿರಲಿಲ್ಲ. ಮೈದಾ ತಂದರೆ ಒಂದು ಚಿಟಿಕೆ ನೀರಿಗೆ ಹಾಕಿ ನೋಡುವುದು, ಚಾಕೊಲೇಟಿನ ಗಟ್ಟಿಯನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುವುದು. ಆರ್ಡರ್ ಒಯ್ಯಲು ಬಂದವರ ಎದುರಿಗೇ ಡಬ್ಬಿ ತೆಗೆದು, "ಒಂದೂ ಬಿರಕ ಬಿಟ್ಟಿಲ್ಲ ನೋಡ್ರಿ, ಆಮ್ಯಾಲ ಅನ್ನಬ್ಯಾಡ್ರಿ" ಎಂದು ತೋರಿಸಿಯೇ ಮುಚ್ಚುವುದು. ನನ್ನ ಮಗಳ ಹುಟ್ಟುಹಬ್ಬಕ್ಕೆ ತಂದಾಗ ನಮ್ಮತ್ತೆ ಮೊದಲು ಮುಟ್ಟಲೇ ಇಲ್ಲ. ಆಮೇಲೆ ಎರಡು ಬೆರಳಿನಿಂದ ಕಡ್ಡಿ ಹಿಡಿದು, ಮೂಲೆಗೆ ತಿರುಗಿ ಕೂತು, ಒಂದನ್ನು ಪೂರ್ತಿ ತಿಂದರು. ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೊಂದ ಐತೇನ?" ಅಂದರು. ಅಂಗಡಿಯ ಬಿಸ್ಕೀಟನ್ನೂ ಮುಟ್ಟದವರು ಅಂದಿನಿಂದ ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದು ಕಡ್ಡಿ ಉಂಡಿ ಕೇಳತೊಡಗಿದರು.

ಎರಡನೆಯ ವರ್ಷದ ಬೇಸಿಗೆಯ ಆರಂಭ. ಒಂದು ಬೆಳಿಗ್ಗೆ ಹಿತ್ತಲ ಗೋಡೆಯ ಆಚೆ ನಾಯಿಯೊಂದು ಪ್ಲಾಸ್ಟಿಕ್ ಚೀಲ ಹರಿದು ಹಾಕಿತ್ತು. ಅದರಲ್ಲಿ ತತ್ತಿಯ ಸಿಪ್ಪೆ. ಒಂದೆರಡಲ್ಲ, ಒಂದು ಬೊಗಸೆ. ಚೀಲ ಬಿದ್ದದ್ದು ಕಾಕೂನ ಹಿತ್ತಲ ಬಾಗಿಲ ಹತ್ತಿರ. ನನಗೆ ಹೇಸಿಕೆಗಿಂತ ಮೊದಲು ಒಂದು ಸಮಾಧಾನವಾಯಿತು. ಇಷ್ಟು ದಿನ ನಾನು ಸಂಶಯಪಟ್ಟದ್ದು ಸುಳ್ಳಲ್ಲ ಎನ್ನುವ ಸಮಾಧಾನ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಂದೇ ಸಂಜೆ ಜಂಪರ್ ಒಯ್ಯಲು ಸುಶೀಲಕ್ಕನ ಮನೆಗೆ ಹೋದೆ. ಅಲ್ಲಿ ಇನ್ನೂ ಮೂವರು ಹೆಂಗಸರು ಅಳತೆ ಕೊಡಲು ಕೂತಿದ್ದರು.

"ಕಾಕೂನ ಹಿತ್ತಲಾಗ ತತ್ತಿ ಸಿಪ್ಪಿ ಬಿದ್ದಾವು, ನೋಡೀಯೇನ ಸುಶೀಲಾ?" ಅಂದೆ.

ಸುಶೀಲಕ್ಕ ಯಂತ್ರ ನಿಲ್ಲಿಸಿದಳು. "ಸುಮ್ನಿರ್ರಿ ಅಕ್ಕೋರ. ತಾ ತಿಂತಾಳೇನೋ ಪಾಪ. ಉಂಡ್ಯಾಗ ಹಾಕತಾಳ ಅಂತ ಯಾರ ನೋಡ್ಯಾರ?"

"ನಾ ಎಲ್ಲಿ ಹಾಕತಾಳ ಅಂದೆ? ಬಿದ್ದಾವು ಅಂದೆ ಅಷ್ಟ," ಎಂದು ಎದ್ದು ಬಂದೆ. ಸುಳ್ಳು ಹೇಳಲಿಲ್ಲ, ಪ್ರಶ್ನೆ ಕೇಳಿದೆ ಅಷ್ಟೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ದಾರಿ ಎಂದರೆ ಹತ್ತು ಹೆಜ್ಜೆ.

ವಾರದೊಳಗೆ ಮಾತು ಊರು ಸುತ್ತಿತು. ನಮ್ಮತ್ತೆಯ ಕಿವಿಗೂ ಬಿತ್ತು. ಅವರು ಮತ್ತೊಮ್ಮೆ ಸ್ನಾನ ಮಾಡಿ ಬಂದು, ಆ ದಿನವೆಲ್ಲ ಉಣ್ಣದೆ ದೇವರ ಮುಂದೆ ಕೂತರು.

ಅದೇ ಭಾನುವಾರ ತೆಲಸಂಗದ ಕಡೆಯ ದ್ರಾಕ್ಷಿ ತೋಟದ ಮನೆಯವರು ಮೊಮ್ಮಗನ ಹುಟ್ಟುಹಬ್ಬಕ್ಕೆ ಮುನ್ನೂರು ಉಂಡಿ ಹೇಳಿದ್ದರು. ಕಾಕೂ ಮೂರು ದಿನದಿಂದ ಅದರಲ್ಲೇ ಇದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಅವರಿಂದ ಫೋನು ಬಂತು, ಬೇಡ ಅಂದರು. ಹತ್ತು ನಿಮಿಷದ ಮೇಲೆ ಕಾಕೂ ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ನಮ್ಮ ಮನೆಗೆ ಆಕೆ ಬಂದದ್ದು ಅದೇ ಮೊದಲು. ಸೆರಗಿಗೆ ಚಾಕೊಲೇಟು ಹತ್ತಿತ್ತು.

"ಅಕ್ಕೋರ, ತತ್ತಿ ಹಾಕ್ತೀನಿ ಅಂತ ಯಾರ ಹೇಳ್ಯಾರ್ರಿ?"

"ನಂಗೇನ ಗೊತ್ರಿ ಕಾಕೂ," ಅಂದೆ.

"ಬರ್ರಿ ನೀವು. ನಿಮ್ಮ ಕಣ್ಣಿಲೆ ನೋಡ್ರಿ."

ಕೈ ಹಿಡಿದು ಎಳೆದುಕೊಂಡೇ ಹೋದಳು. ಎರಡು ವರ್ಷ ನಾಲ್ಕು ಬೆರಳಿನ ಸಂದಿಯಿಂದ ನೋಡಿದ ಆ ಒಳಮನೆಗೆ ಕಾಲಿಟ್ಟೆ. ಥರ್ಮಾಕೋಲಿನ ಹಲಗೆಗಳಲ್ಲಿ ಚುಚ್ಚಿ ನಿಲ್ಲಿಸಿದ ಮುನ್ನೂರು ಉಂಡಿಗಳು ಸಾಲಾಗಿ ನಿಂತಿದ್ದವು. ನನ್ನನ್ನು ಮಣೆಯ ಮೇಲೆ ಕೂರಿಸಿ, ಆಕೆ ಮೊದಲಿನಿಂದ ಮಾಡಿ ತೋರಿಸಿದಳು. ಮೊಸರಿಗೆ ಸೋಡಾ ಹಾಕಿ ಬುರುಗು ಬರಿಸಿದಳು. ಸಕ್ಕರೆ, ಎಣ್ಣೆ, ಮೈದಾ, ಕೋಕೋ ಪುಡಿ ಕಲಸಿ ಓವನ್ನಿಗಿಟ್ಟಳು. ನನಗೆ ಹೇಳಿದ್ದ ಮೊಸರೇ ನಿಜವಾಗಿತ್ತು. ಬೇರೆ ಇಬ್ಬರಿಗೆ ಹೇಳಿದ್ದು ಸುಳ್ಳು. ಕೇಕು ಆರಿದ ಮೇಲೆ ಪುಡಿ ಮಾಡಿ, ಗಟ್ಟಿ ಹಾಲು ಸೇರಿಸಿ ನಾದಿದಳು. ಆಮೇಲೆ ಬಾಗಿಲ ಅಗಳಿ ಹಾಕಿ ಬಂದಳು. ಗೋಡೆಗೆ ಒರಗಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಬಿದಿರಿನ ಮೊರ ಇಟ್ಟುಕೊಂಡು, ಅದರಲ್ಲಿ ಆ ಕೇಕಿನ ಹುಡಿ ಸುರಿದುಕೊಂಡಳು.

ಬೆರಳುಗಳು ಓಡತೊಡಗಿದವು. ಆಕೆ ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಚಿವುಟಿದ್ದಷ್ಟೂ ಒಂದೇ ಅಳತೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹೊರಳು, ಅಂಗೈಯಲ್ಲಿ ಒಂದು ಸುತ್ತು, ಉಂಡೆ ತಯಾರು. ತಕ್ಕಡಿಯಲ್ಲಿ ತೂಗಿದರೂ ಹೆಚ್ಚುಕಡಿಮೆ ಬಾರದು.

"ನಿಮಗ ತಿಳಿಯಂಗಿಲ್ಲ," ಅಂದಳು. "ನಿಪ್ಪಾಣ್ಯಾಗ ಸಣ್ಣ ಪೋರಿ ಸುದ್ದಾ ಹೇಳತಾಳ, ನಾ ಕುಂತದ್ದ ನೋಡಿ. ಇಕಿ ಬೀಡಿ ಕಟ್ಟಾಕಿ ಅಂತ."

ಹತ್ತು ವರ್ಷದವಳಿದ್ದಾಗ ಮೊರ ತೊಡೆಗೆ ಬಂದದ್ದಂತೆ. ಎಲೆ ಕತ್ತರಿಸುವುದು, ತಂಬಾಕು ಹಾಕಿ ಸುರುಳಿ ಸುತ್ತುವುದು, ದಾರ ಕಟ್ಟುವುದು. ಮದುವೆಯಾದ ಮೇಲೂ ಅದೇ, ಗಂಡ ತೀರಿಕೊಂಡ ಮೇಲೂ ಅದೇ. ನಡುವೆ ಟೀಬಿ ಆಯಿತು. ಔಷಧ ಪೂರ್ತಿ ಮುಗಿಸಿ ಗುಣವಾದಳು, ಬೀಡಿ ಬಿಟ್ಟಳು, ಒಂದು ಬೇಕರಿಯಲ್ಲಿ ಪಾತ್ರೆ ತೊಳೆಯುತ್ತ ಈ ಕೆಲಸ ನೋಡಿ ಕಲಿತಳು. ಮೊದಲು ಚಿಕ್ಕೋಡಿಯಲ್ಲಿ ಮನೆ ಹಿಡಿದು ಉಂಡಿ ಮಾಡಿ ಮಾರುತ್ತಿದ್ದಳು.

"ಅಲ್ಲಿ ಯಾರೋ ನಿಪ್ಪಾಣಿಯವ್ರು ಗುರ್ತ ಹಿಡಿದ್ರು. ಎಂಟ ದಿನದಾಗ ಎಲ್ಲಾರಿಗೂ ಉಂಡಿ ತಂಬಾಕ ನಾರಾಕ ಹತ್ತಿತು. ನಾ ಬೀಡಿ ಮುಟ್ಟಿ ಐದ ವರ್ಷ ಆಗಿತ್ತು ಅಕ್ಕೋರ. ನಿನ್ನಿತನಾ ತಿಂದಾಂವನೂ ನಾರತೈತಿ ಅಂದ." ಬೆರಳು ಮೂಗಿನ ಹತ್ತಿರ ಹೋಗಿ ಮತ್ತೆ ಕೆಳಗಿಳಿಯಿತು. "ತತ್ತಿ ಹಾಕ್ತಿ ಅಂದ್ರ ಮಾಡಿ ತೋರಸ್ತೀನಿ. ವಾಸನಿ ಬರತೈತಿ ಅಂದ್ರ ಏನ ತೋರಸಲಿ?"

ಹಿತ್ತಲಿನಲ್ಲಿ ಬೇರೆಯೇ ಒಂದು ಸಣ್ಣ ಸ್ಟೋವ್ ಇತ್ತು, ಒಂದು ಅಲ್ಯೂಮಿನಿಯಂ ಪಾತ್ರೆ, ಒಂದು ತಾಟು. "ದಿನಾ ಒಂದ ತತ್ತಿ ತಿನ್ನಬೇಕ ಅಂದಾರ ಡಾಕ್ಟರು. ಇಲ್ಲೇ ಕುದಿಸಿ, ಇಲ್ಲೇ ತಿಂದು, ಜಳಕಾ ಮಾಡಿ ಒಳಗ ಬರ್ತೀನಿ. ಇದನ್ನ ಹೇಳಿದ್ರ ಯಾಕ ಅಂತಾರ. ಯಾಕ ಅಂದ್ರ ಟೀಬಿ ಅನ್ನಬೇಕು. ಟೀಬಿ ಅಂದ್ರ ಬೀಡಿ ಅನ್ನಬೇಕು."

ಆಗಲೇ ಹೇಳಬೇಕಿತ್ತು. ಕಾಕೂ, ಬಾಯಿ ಬಿಟ್ಟವಳು ನಾನು ಎಂದು. ಆದರೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಎರಡು ವರ್ಷದಲ್ಲಿ ಮೊದಲ ಸಲ ಸಂಶಯವಿರಲಿಲ್ಲ.

"ನಿಮಗೊಬ್ಬರಿಗೆ ಹೇಳೇನಿ. ಸಾಲಿ ಕಲಸಾಕಿ ನೀವು, ಮಾತ ಹೊರಗ ಹಾಕೂದಿಲ್ಲ ಅಂತ ಗೊತ್ತೈತಿ. ಇದು ಸುಶೀಲಾಂದ ಕೆಲಸ. ಹೌದಿಲ್ಲೋ?"

"ಇರಬಹುದ್ರಿ," ಅಂದೆ.

ಆ ಒಂದು ಮಾತನ್ನು ನನಗೆ ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಉಂಡಿಗಳ ಮೇಲೆ ಬೆವರು ಮೂಡತೊಡಗಿತು. ಕಾಕೂ ಆಟೋ ತರಿಸಿ ಅಷ್ಟನ್ನೂ ರಾಯಬಾಗ ರಸ್ತೆಯಲ್ಲಿ ಕಬ್ಬು ಕಡಿಯುವವರು ಹಾಕಿಕೊಂಡಿದ್ದ ಗುಡಿಸಲುಗಳಿಗೆ ಒಯ್ದಳು. ನಾನೂ ಜೊತೆಗೆ ಹೋದೆ. ಇದರಲ್ಲಿ ಏನು ಹಾಕೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ಬಂದು ಕೈ ಒಡ್ಡಿದರು. ಮುನ್ನೂರು ಉಂಡಿ ಕಾಲು ತಾಸಿನಲ್ಲಿ ಮುಗಿದವು. ಬರುವಾಗ ಆಟೋದಲ್ಲಿ ಕಾಕೂ ಖಾಲಿ ಥರ್ಮಾಕೋಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ತೂತುಗಳನ್ನು ಬೆರಳಿನಿಂದ ಮುಟ್ಟುತ್ತ ಕೂತಿದ್ದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ನಾನೇ ಕೂತು ನೋಡಿದ್ದೇನೆ, ಉಂಡಿಯಲ್ಲಿ ತತ್ತಿ ಇಲ್ಲ, ಆಣೆ ಮಾಡಿ ಹೇಳುತ್ತೇನೆ ಎಂದೆ. ಬೀಡಿಯ ಮಾತು ಹೇಳಲಿಲ್ಲ. ಅದನ್ನು ಮಾತ್ರ ಕಾಪಾಡಿದೆ. ನನ್ನ ಪಾಲಿನ ಮಾತನ್ನೂ ಹೇಳಲಿಲ್ಲ. ಅತ್ತೆ ಸೋಮವಾರದ ಭಜನೆಗೆ ಹೋಗುವಾಗ ಕಾಕೂನ ಮನೆಯಿಂದ ಒಂದು ಡಬ್ಬಿ ಕಡ್ಡಿ ಉಂಡಿ ಒಯ್ದರು. ಇಪ್ಪತ್ತು ಹೆಂಗಸರ ನಡುವೆ ತಾವೇ ಮೊದಲು ತಿಂದರು. "ನಾ ತಿಂದೇನಿ. ಯಾರರೆ ಏನರೆ ಅನ್ನೂದಿದ್ರ ನನ್ನ ಮುಂದ ಅನ್ರಿ," ಅಂದರಂತೆ. ಅರ್ಧದಷ್ಟು ಗಿರಾಕಿಗಳು ಮರಳಿ ಬಂದರು. ಇನ್ನರ್ಧ ಬರಲಿಲ್ಲ.

ಸುಶೀಲಕ್ಕನ ಜೊತೆ ಮಾತ್ರ ಕಾಕೂ ಅಂದಿನಿಂದ ಮಾತು ಬಿಟ್ಟಳು. ಎದುರು ಮನೆ, ದಿನ ಬೆಳಗಾದರೆ ಮುಖ ಕಾಣುವ ಬಾಗಿಲು. ಸುಶೀಲಕ್ಕ ರಂಗೋಲಿ ಹಾಕುತ್ತಿದ್ದರೆ ಕಾಕೂ ಒಳಗೆ ಹೋಗುವಳು. ಸುಶೀಲಕ್ಕ ನನ್ನನ್ನು ಮೂರು ನಾಲ್ಕು ಸಲ ಕೇಳಿದಳು. "ನಾ ಏನ ಮಾಡೇನ್ರಿ ಅಕ್ಕೋರ? ಅವತ್ತ ನಿಮಗ ಸುಮ್ನಿರ್ರಿ ಅಂದಾಕಿ ನಾನಲ್ಲೇನ್ರಿ?" ನಾನು, "ಹೋಗ್ಲಿ ಬಿಡು, ಆಕಿ ಸ್ವಭಾವನ ಹಂಗ," ಎಂದೆ. ಎಲ್ಲರನ್ನೂ ಸಂಶಯದಿಂದ ನೋಡುವ ಹೆಂಗಸು ಎಂದು ಊರಿಗೇ ಗೊತ್ತಿದ್ದದ್ದು ನನಗೆ ಎಷ್ಟು ಅನುಕೂಲವಾಯಿತು!

ನನಗೆ ಮಾತ್ರ ಆ ಬಾಗಿಲು ಪೂರ್ತಿ ತೆರೆಯಿತು. ರಜೆಯ ದಿನ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಬಿಸಿನೀರಿನ ಮೇಲೆ ಚಾಕೊಲೇಟು ಕರಗಿಸುವಾಗ ಒಂದು ಹನಿ ನೀರು ಒಳಗೆ ಬಿದ್ದರೂ ಅದು ಮುದ್ದೆಗಟ್ಟುತ್ತದೆ. "ಸಿಟ್ಟಿಗೇಳತೈತ್ರಿ, ಮುಂದ ಎಷ್ಟ ರಮಿಸಿದ್ರೂ ಕೇಳಂಗಿಲ್ಲ" ಅನ್ನುವಳು. ಕಡ್ಡಿಯ ತುದಿಗೆ ಮೊದಲು ಚಾಕೊಲೇಟು ಹಚ್ಚಿ ಚುಚ್ಚಿದರೆ ಉಂಡೆ ಜಾರುವುದಿಲ್ಲ ಎಂದು ಹೇಳಿಕೊಟ್ಟಳು. ಅದ್ದಿ ತೆಗೆದ ಮೇಲೆ ಕಡ್ಡಿ ಹಿಡಿದ ಕೈಯ ಮಣಿಕಟ್ಟಿಗೆ ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟುವಳು, ಹೆಚ್ಚಿನದು ಜಾರಿ ಬೀಳಲಿ ಎಂದು. ಆ ತಟ್ಟುವಿಕೆಯಲ್ಲಿ ಮಗು ಮಲಗಿಸುವವರ ಮೆದುತನವಿತ್ತು. ನಾನು ಪ್ರತಿ ಸಲ ಇವತ್ತು ಹೇಳಿಬಿಡುತ್ತೇನೆ ಎಂದು ಹೋಗುತ್ತಿದ್ದೆ. ಪ್ರತಿ ಸಲ ಒಂದು ಉಂಡಿ ತಿಂದು ಬರುತ್ತಿದ್ದೆ.

ಎರಡು ವರ್ಷದ ಮೇಲೆ ಉಸಿರಿನ ತೊಂದರೆ ಹೆಚ್ಚಾಗಿ, ಕಾಕೂ ನಿಪ್ಪಾಣಿಗೆ ಅಣ್ಣನ ಮಗಳ ಮನೆಗೆ ಹೋದಳು. ಮೊನ್ನೆ ತೀರಿಕೊಂಡ ಸುದ್ದಿ ಬಂತು. ನಾನು ಹೊರಟಾಗ, "ನಾನೂ ಬರ್ತೀನ್ರಿ," ಎಂದು ಸುಶೀಲಕ್ಕ ಚಪ್ಪಲಿ ಹಾಕಿಕೊಂಡಳು. "ಮಾತ ಬಿಟ್ಟಿದ್ಲು ಖರೆ. ಆದ್ರ ಎದರ ಮನಿಯಾಕಿ." ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಸುಶೀಲಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು, ನಾನು ಸುಶೀಲಕ್ಕನನ್ನು ನೋಡುತ್ತಿದ್ದೆ. ಹೇಳಲಿಲ್ಲ.

ನಿಪ್ಪಾಣಿಯ ಆ ಓಣಿಯಲ್ಲಿ ಮನೆಮನೆಯ ಕಟ್ಟೆಯ ಮೇಲೂ ಹೆಂಗಸರು ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿದ್ದರು. ಅಥಣಿಯಲ್ಲಿ ಅಗಳಿ ಹಾಕಿ ಕಾಯ್ದುಕೊಂಡ ಗುಟ್ಟು ಇಲ್ಲಿ ಬಿಸಿಲಿನಲ್ಲಿ ಕೂತಿತ್ತು. ಅಣ್ಣನ ಮಗಳು ಒಳಗೆ ಕರೆದು ಚಾಪೆ ಹಾಸಿದಳು. ಗೋಡೆಗೆ ಅವಳು ಆತ್ಯಾ ಎಂದು ಕರೆಯುವ ಸೋದರತ್ತೆ, ನಮ್ಮ ಕಾಕೂನ ಫೋಟೋ, ಹಾರ ಇನ್ನೂ ಬಾಡಿರಲಿಲ್ಲ.

"ಅಥಣಿಂದ ಬಂದೇವವ್ವಾ. ಇವರು ಅಕ್ಕೋರು. ನಾ ಸುಶೀಲಾ," ಅಂದಳು ಸುಶೀಲಕ್ಕ.

ಹುಡುಗಿಯ ಮುಖ ಬಿಗಿಯಿತು. "ಸುಶೀಲಾ ಅಂದ್ರ? ಎದರ ಮನಿ ಟೇಲರ?"

"ಹೂನವ್ವಾ."

"ಮತ್ತ ನೀವ್ಯಾಕ ಬಂದ್ರಿ? ತತ್ತಿ ಹಾಕತಾಳ ಅಂತ ಊರತುಂಬ ಹೇಳಿದವ್ರು ನೀವಲ್ಲಾ? ಆತ್ಯಾ ಸಾಯೂತನಾ ಅದನ್ನ ನೆನಸತಿದ್ಲು."

ಇಷ್ಟು ವರ್ಷ ಯಾವುದಕ್ಕೆ ಶಿಕ್ಷೆ ಉಂಡೆ ಎಂಬುದು ಸುಶೀಲಕ್ಕನಿಗೆ ಖಾತ್ರಿಯಾದದ್ದು ಆ ಗಳಿಗೆಯಲ್ಲಿ. ಕಣ್ಣು ತುಂಬಿಕೊಂಡು ಎದ್ದು ನಿಲ್ಲಲು ಹೋದಳು. ನಾನು ಆಕೆಯ ರಟ್ಟೆ ಹಿಡಿದೆ.

"ಆಕಿ ಅಲ್ಲವ್ವಾ," ಅಂದೆ. "ನಾನು. ಆಕಿ ನಂಗ ಸುಮ್ನಿರ್ರಿ ಅಂದಿದ್ಲು. ಬಾಯಿ ಬಿಟ್ಟಾಕಿ ನಾನು. ಮುಂದ ಕಾಕೂ ಕೇಳಿದಾಗ ಆಕಿ ಇರಬಹುದು ಅಂದಾಕಿನೂ ನಾನು."

ಹುಡುಗಿ ನನ್ನ ಕಡೆ ತಿರುಗಿದಳು.

"ಅಕ್ಕೋರು ಅಂದ್ರ ನೀವ ಏನು? ಅಥಣ್ಯಾಗ ನಂಬೂ ಹಂಗ ಒಬ್ಬಾಕಿ ಇದ್ಲು ಅಂತಿದ್ಲಲ್ರಿ ಆತ್ಯಾ, ನಿಮ್ಮನ್ನ."

ಸುಶೀಲಕ್ಕ ರಟ್ಟೆ ಬಿಡಿಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ. ಫೋಟೋದ ಕಡೆಗೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಡುಗಿ ಒಳಗೆ ಹೋಗಿ ಎರಡು ಕಪ್ ಚಹಾ ತಂದಳು. ಒಂದನ್ನು ಬಗ್ಗಿ ಸುಶೀಲಕ್ಕನ ಕೈಗೆ ಕೊಟ್ಟು, ಅವಳ ಪಕ್ಕದಲ್ಲೇ ಕೂತು, ಆತ್ಯಾಳ ಕೊನೆಯ ದಿನಗಳ ಮಾತು ತೆಗೆದಳು. ನನ್ನದನ್ನು ನೆಲದ ಮೇಲೆ ಇಟ್ಟಿದ್ದಳು. ನಾನೇ ಎತ್ತಿಕೊಂಡು ಕುಡಿದೆ.